ಹಗಲು ಗೋಡೆ ಕಟ್ಟುವ, ಇರುಳು ಗೋಡೆ ಬರೆಯುವ ಹುಡುಗ: ‘ವಾಂದಾಲ್’ ನೋಡಿದವರು ಯಾರಿದ್ದೀರಿ?

ಕಿಟಕಿಯಾಚೆ

ಕಳೆದ ಶನಿವಾರ ರಾತ್ರಿ ಹದಿನೈದು ವರ್ಷದ ಮಗನ ಜೊತೆ ಕುಳಿತು ‘ವಾಂದಾಲ್’ ನೋಡಿದೆ. 2013ರ ಫ್ರೆಂಚ್ ಚಿತ್ರ. ನಿರ್ದೇಶಕ ಎಲಿಯೆ ಸಿಸ್ಟರ್ನ್. ನೋಡದವರಿಗಾಗಿ ಎರಡು ಮಾತು: ಶೆರೀಫ್ ಎಂಬ ಹದಿನೈದರ ಹುಡುಗ ಯಾರ ಮಾತಿಗೂ ಬಗ್ಗುವವನಲ್ಲ. ತಾಯಿ ಸೋತು, ಅವನನ್ನು ಸ್ಟ್ರಾಸ್‌ಬರ್ಗ್‌ನಲ್ಲಿರುವ ನೆಂಟರ ಮನೆಗೆ ಕಳುಹಿಸುತ್ತಾಳೆ. ಗಾರೆ ಕೆಲಸ ಕಲಿಯುವುದು ಅವನಿಗೆ ಉಳಿದಿರುವ ಕೊನೆಯ ಅವಕಾಶ. ಅಲ್ಲಿ ಉಸಿರುಕಟ್ಟಿ ಒದ್ದಾಡುತ್ತಿರುವಾಗಲೇ, ರಾತ್ರಿ ಗೋಡೆಗಳ ಮೇಲೆ ಬಣ್ಣ ಸಿಂಪಡಿಸುವ ಹುಡುಗರ ಲೋಕ ಅವನಿಗೆ ತೆರೆದುಕೊಳ್ಳುತ್ತದೆ.

ನನ್ನ ಸಮಸ್ಯೆ ಸಿನಿಮಾ ಮುಗಿದ ಮೇಲೆ ಶುರುವಾಯಿತು. ಮಂಗಳವಾರ ಮಗನ ಗಣಿತದ ಪುಸ್ತಕ ತೆರೆದರೆ ಹಿಂದಿನ ಹನ್ನೆರಡು ಪುಟಗಳ ತುಂಬ ಒಂದೇ ನಾಲ್ಕು ಅಕ್ಷರ. ಮೊದಲ ಪುಟದಲ್ಲಿ ಸಪೂರವಾಗಿದ್ದವು ಬರುಬರುತ್ತಾ ಊದಿಕೊಂಡು, ಒಂದರ ಮೇಲೊಂದು ಏರಿ, ಕೊನೆಯ ಪುಟದಲ್ಲಿ ಯಾವುದು ಯಾವ ಅಕ್ಷರವೆಂದು ಹೇಳಲಾಗದಷ್ಟು ಹೆಣೆದುಕೊಂಡಿವೆ. ಪೆನ್ನು ಒತ್ತಿ ಒತ್ತಿ ಕಾಗದ ಹಿಂಬದಿಯಲ್ಲಿ ಉಬ್ಬಿದೆ. ನನಗೆ ಭಯವಾಯಿತು. ಈ ಚಿತ್ರ ಹುಡುಗರನ್ನು ಹಾಳು ಮಾಡುತ್ತದೆಯೇ? ನಾನೇ ತೋರಿಸಿದ್ದು ತಪ್ಪಾಯಿತೇ? ನೋಡಿದವರು ನೇರವಾಗಿ ಹೇಳಿ. (ಕೊನೆಯ ದೃಶ್ಯ ಬಿಟ್ಟುಕೊಡಬೇಡಿ, ನೋಡದವರೂ ಇದ್ದಾರೆ.)

ರೀಲುಪೆಟ್ಟಿಗೆ

ತಪ್ಪೇನೂ ಆಗಿಲ್ಲ. ನಾನು ಈ ಚಿತ್ರವನ್ನು ಮೂರು ಸಲ ನೋಡಿದ್ದೇನೆ. ಅದೇ ವರ್ಷ ಫ್ರಾನ್ಸ್‌ನ ಲೂಯಿ ದೆಲ್ಯುಕ್ ಪ್ರಶಸ್ತಿಯಲ್ಲಿ ಮೊದಲ ಚಿತ್ರದ ಗೌರವ ಇದಕ್ಕೆ ಸಂದಿತು. ಒಂದೂವರೆ ಗಂಟೆಗೂ ಕಡಿಮೆ ಅವಧಿ, ಒಂದು ದೃಶ್ಯವೂ ಹೆಚ್ಚೆನಿಸುವುದಿಲ್ಲ.

ಇದು ಗ್ರಾಫಿಟಿಯ ಜಾಹೀರಾತಲ್ಲ. ಆ ಹುಡುಗನಿಗೆ ಮನೆಯಲ್ಲಿ, ಶಾಲೆಯಲ್ಲಿ, ಕೆಲಸದ ಜಾಗದಲ್ಲಿ ಎಲ್ಲರೂ ಒಂದೊಂದು ಹೆಸರಿಟ್ಟಿದ್ದಾರೆ: ಒರಟ, ತಲೆನೋವು, ಕೊನೆಯ ಅವಕಾಶದವನು. ರಾತ್ರಿಯ ಗುಂಪಿನಲ್ಲಿ ಮಾತ್ರ ತನ್ನ ಹೆಸರನ್ನು ತಾನೇ ಆರಿಸಿಕೊಳ್ಳಬಹುದು. ನಿಮ್ಮ ಮಗನ ನಾಲ್ಕು ಅಕ್ಷರಗಳನ್ನು ಆ ಕಣ್ಣಿನಿಂದ ಒಮ್ಮೆ ನೋಡಿ.

ಸೋಪುನೀರು

ಎಲ್ಲರೂ ಹುಡುಗನ ಮನಸ್ಸನ್ನೇ ನೋಡುತ್ತೀರಿ. ಮರುದಿನ ಬೆಳಿಗ್ಗೆ ಬಕೆಟ್ ಹಿಡಿದು ಬರುವವನನ್ನು ಯಾವ ಸಿನಿಮಾ ತೋರಿಸಿದೆ? ಏಳು ವರ್ಷ ಕಟ್ಟಡ ಸ್ವಚ್ಛತೆಯ ಗುತ್ತಿಗೆಯಲ್ಲಿದ್ದೆ. ಒಂದು ಶಾಲೆಯ ಹೊರಗೋಡೆಯನ್ನು ಒಂದೇ ತಿಂಗಳಲ್ಲಿ ನಾಲ್ಕು ಸಲ ಉಜ್ಜಿದ್ದೇನೆ. ದ್ರಾವಕದ ವಾಸನೆಗೆ ಸಂಜೆ ಊಟ ಸೇರುತ್ತಿರಲಿಲ್ಲ. ಅವರ ‘ಹೆಸರು’ ನನ್ನ ಅಂಗೈಯ ಸಿಪ್ಪೆ ಸುಲಿದಿದೆ.

ಇಟ್ಟಿಗೆಗಾರೆ

ಸೋಪುನೀರು ಅವರ ಮಾತಿಗೆ ಒಂದು ಸೇರಿಸುತ್ತೇನೆ. ನಾನು ಹಳೆಯ ಕಟ್ಟಡಗಳ ದುರಸ್ತಿ ಮಾಡಿಸುವವನು. ಸ್ಟ್ರಾಸ್‌ಬರ್ಗ್‌ನ ಕತೀಡ್ರಲ್ ಕಟ್ಟಿರುವುದು ಗುಲಾಬಿ ಛಾಯೆಯ ಮರಳುಗಲ್ಲಿನಿಂದ. ಹಳೆಯ ಊರಿನ ಬೇರೆ ಕಟ್ಟಡಗಳಲ್ಲೂ ಅದೇ ಕಲ್ಲು ಕಾಣುತ್ತದೆ. ಮರಳುಗಲ್ಲಿನ ಮೈ ತುಂಬ ಸಣ್ಣ ರಂಧ್ರಗಳು. ಸಿಂಪಡಿಸಿದ ಬಣ್ಣ ಮೇಲೆ ಕೂರುವುದಿಲ್ಲ, ಒಳಗೆ ಇಳಿಯುತ್ತದೆ. ತೆಗೆಯಲು ನೀರನ್ನು ಜೋರಾಗಿ ಹಾಯಿಸಿದರೆ ಬಣ್ಣದ ಜೊತೆ ಕಲ್ಲಿನ ಪದರವೂ ಕಿತ್ತು ಬರುತ್ತದೆ. ಅದಕ್ಕೇ ಕೆಲವು ಕಡೆ ಮೇಣದ ಲೇಪ ಹಾಕುತ್ತಾರೆ. ಬಣ್ಣ ಬಿದ್ದರೆ ಮೇಣ ಸಮೇತ ತೊಳೆದು ಮತ್ತೆ ಬಳಿಯುವುದು. ಕಾಂಕ್ರೀಟ್ ಕಂಬ ಬೇರೆ, ಮರಳುಗಲ್ಲು ಬೇರೆ. ಹುಡುಗರಿಗೆ ಇದನ್ನು ಯಾರೂ ಹೇಳುವುದಿಲ್ಲ.

ಆದರೆ ಈ ಚಿತ್ರ ನನ್ನನ್ನು ಹಿಡಿದದ್ದೂ ಅದೇ ಕಾರಣಕ್ಕೆ. ಹಗಲು ಗೋಡೆ ಎಬ್ಬಿಸಲು ಕಲಿಯುವ ಹುಡುಗ, ರಾತ್ರಿ ಗೋಡೆಯ ಮೇಲೆ ಬರೆಯಲು ಹೋಗುತ್ತಾನೆ. ಗೋಡೆಯೊಂದು ನೆಟ್ಟಗೆ ಏಳಲು ಎಷ್ಟು ಕೈ ಬೇಕೆಂದು ಅವನ ಜೊತೆಯವರಿಗಿಂತ ಅವನಿಗೇ ಚೆನ್ನಾಗಿ ಗೊತ್ತಿರಬೇಕು.

ಕಪ್ಪುಹಲಗೆ

ಇಟ್ಟಿಗೆಗಾರೆ ಅವರೇ, ಕೊನೆಯ ಸಾಲು ನನಗೆ ಹೊಳೆದೇ ಇರಲಿಲ್ಲ. ಮತ್ತೊಮ್ಮೆ ನೋಡಬೇಕು.

ನಡುರಾತ್ರಿ

ಹದಿನೇಳನೆಯ ವಯಸ್ಸಿನಲ್ಲಿ ಎಂಟು ತಿಂಗಳು ಇಂಥದೊಂದು ಗುಂಪಿನ ಜೊತೆ ತಿರುಗಿದ್ದೇನೆ. ನಾನು ಬರೆಯುತ್ತಿರಲಿಲ್ಲ, ಕಾವಲು ನಿಲ್ಲುತ್ತಿದ್ದೆ.

ಹೊರಗಿನವರು ಕೇಳುವುದು ಬಣ್ಣದ ಬಗ್ಗೆ. ನನಗೆ ನೆನಪಿರುವುದು ಸದ್ದು. ಡಬ್ಬಿಯೊಳಗೆ ಬಣ್ಣ ಕದಡಲು ಒಂದು ಗೋಲಿ ಇರುತ್ತದೆ. ಅಲುಗಾಡಿಸಿದರೆ ಕಟಕಟ ಎನ್ನುತ್ತದೆ. ನಿಶ್ಶಬ್ದ ಬೀದಿಯಲ್ಲಿ ಅದು ಗಂಟೆ ಬಾರಿಸಿದ ಹಾಗೆ. ಅದಕ್ಕೇ ಅಲುಗಾಡಿಸುವ ಕೆಲಸವನ್ನು ದೂರದಲ್ಲೇ ಮುಗಿಸಿ ಬರುತ್ತಿದ್ದೆವು. ಒಬ್ಬ ಡಬ್ಬಿಯ ಬುಡಕ್ಕೆ ಅಯಸ್ಕಾಂತ ಅಂಟಿಸಿ ಗೋಲಿಯನ್ನು ಹಿಡಿದಿಡುತ್ತಿದ್ದ. ಆಮೇಲೆ ಸುಯ್ಯ್ ಎಂಬ ಉಸಿರಿನಂಥ ಸದ್ದು. ಕೈ ನಿಧಾನವಾದರೆ ಬಣ್ಣ ಕೆಳಗಿಳಿದು ಕಣ್ಣೀರಿಡುತ್ತದೆ, ಅವಸರವಾದರೆ ಗೋಡೆ ಕಾಣುತ್ತದೆ. ಕೆಲಸ ಮುಗಿದ ಮೇಲೆ ಡಬ್ಬಿಯನ್ನು ತಲೆಕೆಳಗು ಮಾಡಿ ಒತ್ತಿ, ಬರೀ ಗಾಳಿ ಬರುವವರೆಗೆ ಬಿಡಬೇಕು. ಇಲ್ಲದಿದ್ದರೆ ಮೂತಿ ಕಟ್ಟಿಕೊಳ್ಳುತ್ತದೆ. ಇಷ್ಟು ಶಿಸ್ತನ್ನು ನನ್ನಿಂದ ಯಾವ ಮೇಷ್ಟರೂ ಮಾಡಿಸಿರಲಿಲ್ಲ.

ಬಿಟ್ಟದ್ದು ಏಕೆಂದರೆ, ಒಂದು ರಾತ್ರಿ ಓಡುವಾಗ ಗೆಳೆಯ ಹಿತ್ತಿಲ ಗೋಡೆಯಿಂದ ಹಾರಿ ಪಾದ ಮುರಿದುಕೊಂಡ. ಉಳಿದವರು ಓಡಿಬಿಟ್ಟರು. ಬೆಳಗಿನ ಜಾವದವರೆಗೆ ನಾವಿಬ್ಬರೇ ಆ ಕತ್ತಲಲ್ಲಿ ಕುಳಿತಿದ್ದೆವು. ‘ಗುಂಪು’ ಎಂದರೆ ಎಷ್ಟು ಜನ ಎನ್ನುವುದು ಆಗ ತಿಳಿಯಿತು.

ಕಿಟಕಿಯಾಚೆ

ನಡುರಾತ್ರಿ ಅವರೇ, ಮನೆಯವರಿಗೆ ಗೊತ್ತಿತ್ತೇ?

ನಡುರಾತ್ರಿ

ಅಮ್ಮನಿಗೆ ಗೊತ್ತಿತ್ತು ಎಂದು ಹತ್ತು ವರ್ಷದ ನಂತರ ಗೊತ್ತಾಯಿತು. ಉಗುರಿನ ಸಂದಿಯ ನೀಲಿ ಬಣ್ಣ ನೋಡಿದ್ದಳಂತೆ. ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇನೋ ಎಂದು ಈಗಲೂ ಅನಿಸುತ್ತದೆ.

ದಾರಿಹೋಕ_77

ನ್ಯೂಯಾರ್ಕ್‌ನಲ್ಲಿ ಹುಟ್ಟಿದ ಪುಂಡಾಟಿಕೆಯನ್ನು ಕಲೆ ಎಂದು ಕರೆದು ಲೋಕವೆಲ್ಲ ಹಬ್ಬಿಸಿದರು. ಗೋಡೆ ನಿಮ್ಮದಲ್ಲ, ಬರೆಯಬೇಡಿ. ಇದರಲ್ಲಿ ಚರ್ಚೆ ಮಾಡುವುದೇನಿದೆ?

ರೀಲುಪೆಟ್ಟಿಗೆ

ಒಂದು ತಿದ್ದುಪಡಿ. ನ್ಯೂಯಾರ್ಕ್‌ಗಿಂತ ಮೊದಲು ಫಿಲಡೆಲ್ಫಿಯಾ ಇದೆ. 1960ರ ದಶಕದ ಕೊನೆಯಲ್ಲಿ ಅಲ್ಲಿ ‘ಕಾರ್ನ್‌ಬ್ರೆಡ್’ ಎಂಬ ಅಡ್ಡಹೆಸರಿನ ಹುಡುಗ ಊರ ತುಂಬ ತನ್ನ ಹೆಸರು ಬರೆಯುತ್ತಿದ್ದ. ನ್ಯೂಯಾರ್ಕ್‌ನಲ್ಲಿ ಇದು ಹೊತ್ತಿಕೊಂಡದ್ದು ‘ಟಾಕಿ 183’ನಿಂದ. 183 ಎನ್ನುವುದು ಅವನಿದ್ದ ಬೀದಿಯ ಸಂಖ್ಯೆ. ಕಾಗದ ಪತ್ರ ತಲುಪಿಸುವ ಕೆಲಸ ಮಾಡುತ್ತಿದ್ದ, ಹೋದಲ್ಲೆಲ್ಲ ಹೆಸರು ಬರೆಯುತ್ತಿದ್ದ. 1971ರ ಜುಲೈನಲ್ಲಿ ನ್ಯೂಯಾರ್ಕ್ ಟೈಮ್ಸ್ ಅವನ ಬಗ್ಗೆ ವರದಿ ಮಾಡಿತು. ಅದನ್ನು ಓದಿ ನೂರಾರು ಹುಡುಗರು ಮಾರ್ಕರ್ ಹಿಡಿದರು. ಆಮೇಲೆ ಇಡೀ ರೈಲುಗಳೇ ಬಣ್ಣವಾದವು. ಬರೆದ ಕೊನೆಯ ರೈಲನ್ನು ಅಲ್ಲಿನ ಸಾರಿಗೆ ಸಂಸ್ಥೆ ಓಡಾಟದಿಂದ ತೆಗೆದದ್ದು 1989ರ ಮೇನಲ್ಲಿ. ಹೆಸರನ್ನು ಮೊದಲು ದೊಡ್ಡದು ಮಾಡಿದ್ದು ಪತ್ರಿಕೆಯೇ ಎನ್ನುವುದನ್ನು ಮರೆಯಬೇಡಿ.

ದಾರಿಹೋಕ_77

ಇತಿಹಾಸ ಹೇಳಿದ್ದಕ್ಕೆ ವಂದನೆ. ಗೋಡೆ ಈಗಲೂ ಅವರದಲ್ಲ.

ಹಳಿಗುಂಟ

ರೈಲಿನ ಮಾತು ಬಂದದ್ದರಿಂದ ಬರೆಯುತ್ತಿದ್ದೇನೆ. ಸುಮ್ಮನಿರಲು ಆಗುವುದಿಲ್ಲ. ರೈಲು ಡಿಪೋದಲ್ಲಿ ಇಪ್ಪತ್ತು ವರ್ಷ ಕೆಲಸ ಮಾಡಿದವನು ನಾನು.

ಸಿನಿಮಾಗಳು ಡಿಪೋದ ರಾತ್ರಿಯನ್ನು ಬೆಳದಿಂಗಳಂತೆ ತೋರಿಸುತ್ತವೆ. ಅಲ್ಲಿ ನಿಂತಿರುವ ಬೋಗಿ ಸತ್ತ ವಸ್ತು ಎಂದು ಹುಡುಗರು ತಿಳಿಯುತ್ತಾರೆ. ಅಲ್ಲ. ಯಾವ ಕ್ಷಣದಲ್ಲಾದರೂ ಅದನ್ನು ಇನ್ನೊಂದು ಸಾಲಿಗೆ ಸರಿಸಬಹುದು. ವಿದ್ಯುತ್ ರೈಲು ನಿಧಾನವಾಗಿ ಚಲಿಸುವಾಗ ಸದ್ದೇ ಬರುವುದಿಲ್ಲ. ಎರಡು ಸಾಲಿನ ನಡುವೆ ನಿಂತು ಗಮನವೆಲ್ಲ ಅಕ್ಷರದ ಮೇಲಿಟ್ಟವನಿಗೆ ಅದು ಬಂದದ್ದು ತಿಳಿಯುವುದು ಬೆನ್ನಿಗೆ ತಾಗಿದಾಗ. ನ್ಯೂಯಾರ್ಕ್‌ನ ಸುರಂಗ ರೈಲಿನಲ್ಲಿ ಓಡುವ ಹಳಿಗಳ ಪಕ್ಕದಲ್ಲೇ ಮೂರನೆಯ ಹಳಿಯೊಂದಿದೆ, ಅದರಲ್ಲಿ 600 ವೋಲ್ಟ್‌ಗೂ ಹೆಚ್ಚು ಹರಿಯುತ್ತದೆ. ಕಾಲು ಜಾರಿದರೆ ಮುಗಿಯಿತು.

2018ರ ಜೂನ್‌ನಲ್ಲಿ ದಕ್ಷಿಣ ಲಂಡನ್‌ನಲ್ಲಿ ಮೂವರು ಯುವಕರು ಹಳಿಯ ಮೇಲೆ ಸತ್ತರು. ಇಬ್ಬರಿಗೆ ಇಪ್ಪತ್ಮೂರು, ಒಬ್ಬನಿಗೆ ಹತ್ತೊಂಬತ್ತು. ಬಣ್ಣದ ಡಬ್ಬಿಗಳು ಪಕ್ಕದಲ್ಲೇ ಸಿಕ್ಕವು. ಆ ಸುದ್ದಿ ಓದಿದ ದಿನ ಊಟ ಮಾಡಲಾಗಲಿಲ್ಲ. ಮಕ್ಕಳನ್ನು ಕಳೆದುಕೊಂಡ ತಂದೆ ತಾಯಿ ಅಳುವಾಗಲೇ ಕೆಲವರು ‘ಗೋಡೆ ಕೆಡಿಸುವವರಿಗೆ ಇದೇ ಆಗಬೇಕು’ ಎಂದು ಬರೆದರು. ಗೋಡೆಯ ಬೆಲೆ ಜೀವದ ಬೆಲೆಯಲ್ಲ.

ತಾಯಿ, ನಿಮ್ಮ ಮಗ ಕಾಗದದ ಮೇಲೆ ಎಷ್ಟಾದರೂ ಬರೆಯಲಿ. ಹಳಿಯ ಹತ್ತಿರ ಹೋಗಬಾರದು ಎಂಬುದೊಂದನ್ನು ಇವತ್ತೇ, ಗದರದೆ ಹೇಳಿ.

ಕಿಟಕಿಯಾಚೆ

ಹೇಳುತ್ತೇನೆ. ಇವತ್ತೇ ಹೇಳುತ್ತೇನೆ. ನಿಮ್ಮ ಮಾತನ್ನು ಅವನಿಗೆ ಹಾಗೆಯೇ ಓದಿ ಹೇಳಬಹುದೇ?

ಹಳಿಗುಂಟ

ಧಾರಾಳವಾಗಿ.

ಅಕ್ಷರಮೋಹಿ

ನನ್ನ ಕಸುಬು ಅಕ್ಷರ ವಿನ್ಯಾಸ. ಆ ಹನ್ನೆರಡು ಪುಟಗಳ ವರ್ಣನೆ ಓದಿ ನನಗೆ ಭಯವಾಗಲಿಲ್ಲ, ಸಂತೋಷವಾಯಿತು. ನೀವು ಹೇಳಿದ ಕ್ರಮವೇ ಈ ಲೋಕದ ಮೆಟ್ಟಿಲು. ಮೊದಲು ‘ಟ್ಯಾಗ್’, ಸಹಿಯಂತೆ ಒಂದೇ ಎಳೆತ. ಆಮೇಲೆ ‘ಥ್ರೋ ಅಪ್’, ಊದಿದ ಅಕ್ಷರ, ಎರಡು ಬಣ್ಣ, ನಿಮಿಷಗಳಲ್ಲಿ ಮುಗಿಯುವಂಥದ್ದು. ಆಮೇಲೆ ‘ಪೀಸ್’, ಅದಕ್ಕೆ ಗಂಟೆಗಟ್ಟಲೆ ಬೇಕು. ಅಕ್ಷರಗಳು ಬಾಣಗಳಾಗಿ ಒಂದಕ್ಕೊಂದು ಹೆಣೆದು ಓದಲಾಗದಂತೆ ಮಾಡುವುದಕ್ಕೆ ‘ವೈಲ್ಡ್ ಸ್ಟೈಲ್’ ಎನ್ನುತ್ತಾರೆ. ನಿಮ್ಮ ಮಗ ಮೂರು ದಿನದಲ್ಲಿ ಮೆಟ್ಟಿಲು ಹತ್ತಿದ್ದಾನೆ, ಯಾರೂ ಹೇಳಿಕೊಡದೆ. ಇವರೆಲ್ಲರ ಬಳಿ ಒಂದು ಕರಡು ಪುಸ್ತಕ ಇರುತ್ತದೆ, ‘ಬ್ಲ್ಯಾಕ್ ಬುಕ್’ ಎನ್ನುತ್ತಾರೆ. ಅವನು ಗಣಿತದ ಪುಸ್ತಕವನ್ನು ಅದಾಗಿಸಿಕೊಂಡಿದ್ದಾನೆ. ಗೆರೆಯಿಲ್ಲದ ದಪ್ಪ ಪುಸ್ತಕವೊಂದನ್ನು ಕೊಡಿಸಿ.

ಅಂದ ಹಾಗೆ, ನಮ್ಮ ಅಕ್ಷರದಲ್ಲಿ ಬರೆದಿದ್ದಾನೋ ರೋಮನ್ ಅಕ್ಷರದಲ್ಲೋ? ನಮ್ಮ ಅಕ್ಷರಗಳ ದುಂಡಗಿನ ಹೊಟ್ಟೆ ಈ ಶೈಲಿಗೆ ಬಹಳ ಒದಗುತ್ತದೆ. ಅದರ ಬಗ್ಗೆ ದಿನವಿಡೀ ಮಾತಾಡಬಲ್ಲೆ.

ಕಿಟಕಿಯಾಚೆ

ಕನ್ನಡದಲ್ಲೇ.

ಅಕ್ಷರಮೋಹಿ

ಹಾಗಾದರೆ ಆ ಪುಸ್ತಕವನ್ನು ಎಸೆಯಬೇಡಿ!

ಸೋಪುನೀರು

ಮೆಟ್ಟಿಲು ಹತ್ತಿದವನು ಕಾಗದದಲ್ಲೇ ನಿಲ್ಲುತ್ತಾನೆಯೇ? ಹೊಗಳುವವರು ಅದಕ್ಕೂ ಉತ್ತರ ಕೊಡಬೇಕು.

ಕಪ್ಪುಹಲಗೆ

ನಿಲ್ಲುವವರೇ ಹೆಚ್ಚು. ಮೂವತ್ತು ವರ್ಷ ಪ್ರೌಢಶಾಲೆಯಲ್ಲಿ ಪಾಠ ಮಾಡಿದ್ದೇನೆ. ಬೆಂಚು ಕೆತ್ತದ ತರಗತಿಯನ್ನು ನಾನು ಕಂಡಿಲ್ಲ. ಕೈವಾರದ ಮೊನೆಯಿಂದ ಹೆಸರು ಕೆತ್ತಿದ ಹುಡುಗನೊಬ್ಬ ಸಿಕ್ಕಿಬಿದ್ದಾಗ ಮುಖ್ಯೋಪಾಧ್ಯಾಯರು ಬೆಂಚನ್ನು ಉಜ್ಜಿ ಪಾಲಿಶ್ ಮಾಡಲು ಹೇಳಿದರು. ಅವನು ಎರಡು ಸಂಜೆ ಕುಳಿತು ಮರಳು ಕಾಗದದಿಂದ ಉಜ್ಜಿದ. ಮೂರನೆಯ ಸಂಜೆ, ಯಾರೂ ಹೇಳದೆ, ಪಕ್ಕದ ಬೆಂಚನ್ನೂ ಉಜ್ಜಲು ಶುರು ಮಾಡಿದ್ದ. ಅದನ್ನು ಕೆತ್ತಿದವನು ಅವನಲ್ಲ. ಆಗ ನನಗೆ ಅನಿಸಿದ್ದು, ಇವನಿಗೆ ಬೇಕಾಗಿದ್ದದ್ದು ಕೈಗೊಂದು ಕೆಲಸ ಮತ್ತು ಅದನ್ನು ನೋಡುವ ಒಂದು ಜೊತೆ ಕಣ್ಣು.

ಶೆರೀಫ್‌ನಿಗೂ ಅದೇ ಕೊರತೆ. ಅವನ ಸುತ್ತಲಿನ ದೊಡ್ಡವರು ಕೆಟ್ಟವರಲ್ಲ. ಆದರೆ ಅವನು ಏನು ಮಾಡಿದ ಎಂದು ಕೇಳುತ್ತಾರೆಯೇ ಹೊರತು ಏನನ್ನು ನೋಡಿದ ಎಂದು ಕೇಳುವುದಿಲ್ಲ.

ಬೇಲಿಹೂವು

ನನ್ನ ತಕರಾರು ಬೇರೆ. ಈ ಚಿತ್ರಗಳಲ್ಲಿ ಹುಡುಗಿಯರು ಎಲ್ಲಿ? ‘ವಾಂದಾಲ್’ನಲ್ಲಿ ಎಲೊದಿ ಇದ್ದಾಳೆ, ಆದರೆ ಅವಳು ಅವನ ಪ್ರೀತಿಗೆಂದೇ ಇದ್ದಾಳೆ. ಕಣ್ಣಲ್ಲಿ ಅಷ್ಟು ಕಿಚ್ಚಿರುವ ಆ ಹುಡುಗಿಯ ಕೈಗೆ ಡಬ್ಬಿ ಕೊಡಬಾರದಿತ್ತೇ? ನಿಜ ಜೀವನದಲ್ಲಿ ಲೇಡಿ ಪಿಂಕ್ 1979ರಲ್ಲಿ, ಹದಿನೈದು ವರ್ಷದವಳಿದ್ದಾಗ ಬರೆಯಲು ಶುರು ಮಾಡಿದಳು. ಹುಡುಗರಿಂದ ತುಂಬಿದ ಡಿಪೋಗಳಿಗೆ ನುಗ್ಗಿ ರೈಲು ಬರೆದಳು. ‘ವೈಲ್ಡ್ ಸ್ಟೈಲ್’ ಚಿತ್ರದಲ್ಲಿ ನಟಿಸಿದವಳೂ ಅವಳೇ.

ಚುಕ್ಕಿಗೆರೆ

ಅದು ಸಾಕ್ಷ್ಯಚಿತ್ರ ಅಲ್ಲವೇ? ಅಮ್ಮ ಅಡುಗೆಮನೆಯಲ್ಲಿ ಮಗನಿಗೆ ಬುದ್ಧಿ ಹೇಳುವ ದೃಶ್ಯ ಇರುವುದು?

ರೀಲುಪೆಟ್ಟಿಗೆ

ಎರಡೂ ಬೇರೆ ಬೇರೆ, ಹೆಸರು ಹತ್ತಿರವಾದ್ದರಿಂದ ಬಹಳ ಜನ ಬೆರೆಸುತ್ತಾರೆ. ‘ವೈಲ್ಡ್ ಸ್ಟೈಲ್’ ಕಥಾಚಿತ್ರ, ಚಾರ್ಲಿ ಅಹರ್ನ್ ಅವರದು, ಪಾತ್ರ ಮಾಡಿದವರು ನಿಜವಾಗಿಯೂ ಗೋಡೆ, ರೈಲುಗಳ ಮೇಲೆ ಬರೆಯುತ್ತಿದ್ದವರೇ. ನೀವು ಹೇಳುವುದು ‘ಸ್ಟೈಲ್ ವಾರ್ಸ್’, ಟೋನಿ ಸಿಲ್ವರ್ ಮತ್ತು ಹೆನ್ರಿ ಚಾಲ್ಫಂಟ್ ಅವರ ಸಾಕ್ಷ್ಯಚಿತ್ರ. ಎರಡೂ 1983ರವು. ಆ ಅಡುಗೆಮನೆಯ ದೃಶ್ಯವನ್ನು ಕಿಟಕಿಯಾಚೆ ಅವರು ಖಂಡಿತ ನೋಡಬೇಕು. ಸ್ಕೀಮ್ ಎಂಬ ಹುಡುಗ ಮತ್ತು ಅವನ ತಾಯಿ. ಆಕೆ ಒಪ್ಪುವುದಿಲ್ಲ, ಅವನು ಬಿಡುವುದಿಲ್ಲ. ಆದರೂ ಇಬ್ಬರೂ ಒಂದೇ ಕೋಣೆಯಲ್ಲಿ ನಿಂತು ಮಾತನಾಡುತ್ತಲೇ ಇದ್ದಾರೆ. ಜಗಳವಾಡುತ್ತಲೇ ಎದ್ದು ಹೋಗದಿರುವುದು ಎಷ್ಟು ದೊಡ್ಡ ವಿಷಯ!

ಬೇಲಿಹೂವು ಅವರಿಗೆ: ‘ಗಿಮ್ಮಿ ದ ಲೂಟ್’ ನೋಡಿ, 2012ರದು, ಆಡಮ್ ಲಿಯಾನ್ ನಿರ್ದೇಶನ. ಬ್ರಾಂಕ್ಸ್‌ನ ಇಬ್ಬರು ಹದಿಹರೆಯದವರು, ಸೋಫಿಯಾ ಮತ್ತು ಮಾಲ್ಕಮ್. ಬೇಸ್‌ಬಾಲ್ ಕ್ರೀಡಾಂಗಣದಲ್ಲಿ ಮೇಲೇಳುವ ದೊಡ್ಡ ಸೇಬಿನ ಮೇಲೆ ಹೆಸರು ಬರೆಯುವ ಹಟ. ಅದಕ್ಕಾಗಿ 500 ಡಾಲರ್ ಹೊಂದಿಸಲು ಒದ್ದಾಟ. ಸೋಫಿಯಾ ಯಾರ ನೆರಳೂ ಅಲ್ಲ.

ಬೇಲಿಹೂವು

ನೋಡಿದ್ದೇನೆ, ಇಷ್ಟವೂ ಆಯಿತು. ಆದರೆ ಅದು ಹಗಲಿನ ಚಿತ್ರ. ಬೀದಿ ಸುತ್ತಾಟ, ಮಾತು, ಬಿಸಿಲು. ಈ ರಾತ್ರಿ, ಈ ಹೆದರಿಕೆ ಅದರಲ್ಲಿಲ್ಲ.

ಹಳಿಗುಂಟ

ರೈಲನ್ನೇ ಬರೆಯುವವರ ಚಿತ್ರ ಯಾವುದಾದರೂ ಇದೆಯೇ? ನಾನು ಬೈದದ್ದು ನ್ಯಾಯವೋ ಎಂದು ನೋಡಬೇಕು.

ರೀಲುಪೆಟ್ಟಿಗೆ

‘ಹೋಲ್‌ಟ್ರೇನ್’, 2006ರ ಜರ್ಮನ್ ಚಿತ್ರ, ಫ್ಲೋರಿಯನ್ ಗಾಗ್ ಅವರದು. ಎರಡು ಗುಂಪುಗಳ ಪೈಪೋಟಿ, ಒಂದಿಡೀ ರೈಲನ್ನು ತುದಿಯಿಂದ ತುದಿಗೆ ಬರೆಯುವ ಆಸೆ. ಜರ್ಮನ್ ರೈಲ್ವೆ ಚಿತ್ರೀಕರಣಕ್ಕೆ ಒಪ್ಪದ ಕಾರಣ ರೈಲಿನ ದೃಶ್ಯಗಳನ್ನು ಪೋಲೆಂಡ್‌ನಲ್ಲಿ ತೆಗೆದರು. ನಿಮ್ಮ ಸಹೋದ್ಯೋಗಿಗಳ ಸಿಟ್ಟು ಅಲ್ಲೂ ಇತ್ತು ಎಂದಾಯಿತು.

ದಾರಿಹೋಕ_77

ಕಾನೂನಿನ ಮಾತು ಯಾರೂ ಎತ್ತಲಿಲ್ಲ. 1994ರಲ್ಲಿ ಸಿಂಗಪುರದಲ್ಲಿ ಕಾರುಗಳ ಮೇಲೆ ಬಣ್ಣ ಸಿಂಪಡಿಸಿದ ಹದಿನೆಂಟರ ಅಮೆರಿಕನ್ ಹುಡುಗನಿಗೆ ಬೆತ್ತದ ಏಟು ಕೊಟ್ಟರು. ಅಲ್ಲಿ ಗೋಡೆಗಳು ಸ್ವಚ್ಛವಾಗಿವೆ.

ಚುಕ್ಕಿಗೆರೆ

ಆರು ಏಟು ವಿಧಿಸಿ, ಅಮೆರಿಕದ ಅಧ್ಯಕ್ಷರ ಮನವಿಯ ನಂತರ ನಾಲ್ಕಕ್ಕೆ ಇಳಿಸಿದರು. ಫ್ರಾನ್ಸ್‌ನಲ್ಲಿ ಈ ಸಿನಿಮಾ ಬಂದ ಕಾಲದ ಕಾನೂನು ಬೇರೆ ಥರ ಇತ್ತು. ಅನುಮತಿಯಿಲ್ಲದೆ ಬರೆದು, ಆದ ಹಾನಿ ಸಣ್ಣದಾಗಿದ್ದರೆ 3,750 ಯೂರೋವರೆಗೆ ದಂಡ ಮತ್ತು ಸಾರ್ವಜನಿಕ ಸೇವೆಯ ಶಿಕ್ಷೆ. ಬೆತ್ತಕ್ಕಿಂತ ಅದು ಮೇಲು ಎನ್ನುವವಳು ನಾನು. ಹೊಡೆತ ತಿಂದವನು ಗೋಡೆ ತೊಳೆಯಲು ಕಲಿಯುವುದಿಲ್ಲ.

ಸೋಪುನೀರು

ಇದಕ್ಕೆ ನನ್ನ ಪೂರ್ಣ ಒಪ್ಪಿಗೆ. ನನ್ನ ಪಕ್ಕದಲ್ಲಿ ಒಂದು ವಾರ ನಿಲ್ಲಿಸಿ. ಹೊಡೆಯುವುದು ಬೇಡ.

ಇಟ್ಟಿಗೆಗಾರೆ

ಅನುಮತಿ ಇದ್ದರೂ ಕಥೆ ಸರಳವಲ್ಲ ನೋಡಿ. ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ‘ಫೈವ್ ಪಾಯಿಂಟ್ಸ್’ ಎಂಬ ಹಳೆಯ ಕಾರ್ಖಾನೆ ಕಟ್ಟಡವಿತ್ತು. ಮಾಲೀಕರ ಒಪ್ಪಿಗೆಯಿಂದಲೇ ವರ್ಷಾನುಗಟ್ಟಲೆ ಅದರ ಗೋಡೆಗಳ ಮೇಲೆ ಬರೆದರು. 2013ರ ನವೆಂಬರ್‌ನಲ್ಲಿ ಒಂದೇ ರಾತ್ರಿಯಲ್ಲಿ ಎಲ್ಲದರ ಮೇಲೂ ಬಿಳಿ ಬಣ್ಣ ಬಳಿಸಿದರು. ಆಗ ರಾತ್ರಿ ಗೋಡೆಗೆ ಬಣ್ಣ ಹಚ್ಚಿಸಿದವರು ಮಾಲೀಕರು! ಬರೆದವರು ನ್ಯಾಯಾಲಯಕ್ಕೆ ಹೋದರು. 2018ರಲ್ಲಿ 21 ಕಲಾವಿದರಿಗೆ ಒಟ್ಟು 67 ಲಕ್ಷ ಡಾಲರಿಗೂ ಹೆಚ್ಚು ಪರಿಹಾರ ಕೊಡಬೇಕೆಂದು ತೀರ್ಪು ಬಂತು.

ದಾರಿಹೋಕ_77

ಇದು ನನಗೆ ಗೊತ್ತಿರಲಿಲ್ಲ. ಅನುಮತಿ ಇದ್ದ ಗೋಡೆಯಾದರೆ ನನ್ನ ತಕರಾರಿಲ್ಲ, ಮಾಲೀಕರದ್ದೇ ತಪ್ಪು. ಆದರೆ ಶೆರೀಫ್ ಅನುಮತಿ ಕೇಳುವವನಲ್ಲ.

ನಡುರಾತ್ರಿ

ಅನುಮತಿ ಕೊಟ್ಟ ಗೋಡೆಯ ಮುಂದೆ ನಾವು ಹದಿನೇಳರಲ್ಲಿ ನಿಲ್ಲುತ್ತಿದ್ದೆವೋ? ಪ್ರಾಮಾಣಿಕವಾಗಿ ಹೇಳುತ್ತೇನೆ, ಮೊದಲ ತಿಂಗಳು ಇಲ್ಲ. ಆಮೇಲೆ ಹೌದು. ಕೈಗೆ ಸ್ವಲ್ಪ ಕಸುಬು ಬಂದ ಮೇಲೆ ಓಡುವ ಆತುರಕ್ಕಿಂತ ನೆರಳು ಸರಿಯಾಗಿ ಹಚ್ಚುವ ಆಸೆಯೇ ದೊಡ್ಡದಾಯಿತು. ನಮ್ಮಲ್ಲಿ ಬಹಳ ಚೆನ್ನಾಗಿ ಬರೆಯುತ್ತಿದ್ದವನು ಒಂದು ದಿನ ಹೇಳಿದ್ದ: ಬೆಳಕಿದ್ದರೆ ಇನ್ನೂ ಚೆನ್ನಾಗಿ ಆಗುತ್ತಿತ್ತು. ಆ ಮೊದಲ ತಿಂಗಳನ್ನು ಹೇಗೆ ದಾಟಿಸುವುದು ಎನ್ನುವುದೇ ತಂದೆ ತಾಯಿಯ ಕಷ್ಟ.

ಬೇಲಿಹೂವು

ಚಿತ್ರದಲ್ಲಿ ಯಾರ ಕೈಗೂ ಸಿಗದೆ ಎತ್ತರದ ಜಾಗಗಳಲ್ಲಿ ಬರೆಯುವ ಆ ಒಬ್ಬನೇ ಒಬ್ಬ, ಅವನೇ ‘ವಾಂದಾಲ್’. ಅವನು ಕಾಣುವುದಿಲ್ಲ, ಹೆಸರು ಮಾತ್ರ ಕಾಣುತ್ತದೆ. ನನಗೆ ಎದೆ ಝಲ್ಲೆಂದದ್ದು ಅಲ್ಲೇ. ಹದಿನೈದರಲ್ಲಿ ನಾನೂ ಹಾಗೆಯೇ ಇರಬೇಕೆಂದು ಬಯಸಿದ್ದೆ: ನನ್ನನ್ನು ಯಾರೂ ನೋಡಬಾರದು, ಆದರೆ ನಾನಿದ್ದೇನೆ ಎಂದು ಎಲ್ಲರಿಗೂ ಗೊತ್ತಾಗಬೇಕು.

ಕಪ್ಪುಹಲಗೆ

ಪ್ರಾಚೀನ ರೋಮನ್ ಊರಾದ ಪೊಂಪೆಯ ಗೋಡೆಗಳ ಮೇಲೂ ಸಾವಿರಾರು ಗೀಚುಬರಹಗಳು ಸಿಕ್ಕಿವೆ. ಪ್ರೀತಿ, ಬೈಗುಳ, ಇಂಥವನು ಇಲ್ಲಿದ್ದ ಎಂಬ ಗುರುತು. ಕ್ರಿ.ಶ. 79ರ ಜ್ವಾಲಾಮುಖಿಯ ಬೂದಿ ಅವನ್ನು ಕಾಪಾಡಿತು.

ಇಟ್ಟಿಗೆಗಾರೆ

ಅಲ್ಲಿ ಕೆತ್ತಿದ್ದು ಗಾರೆಯ ಮೇಲೆ. ಮರಳುಗಲ್ಲಿನ ಮೇಲೆ ಬಣ್ಣ ಸಿಂಪಡಿಸಲಿಲ್ಲ. ನನ್ನ ಹಟ ನಾನು ಬಿಡುವುದಿಲ್ಲ.

ಕಿಟಕಿಯಾಚೆ

ಎರಡು ದಿನ ಬರೆಯಲಾಗಲಿಲ್ಲ, ಕ್ಷಮಿಸಿ. ಏನಾಯಿತೆಂದು ಹೇಳುತ್ತೇನೆ.

ಹಳಿಗುಂಟ ಅವರ ಮಾತನ್ನು ಮಗನಿಗೆ ಓದಿ ಹೇಳಿದೆ. ಮೊದಲು ‘ನಾನೆಲ್ಲಿ ರೈಲಿನ ಹತ್ತಿರ ಹೋದೆ’ ಎಂದು ಸಿಡುಕಿದ. ಲಂಡನ್ನಿನ ಮೂವರ ವಯಸ್ಸು ಕೇಳಿ ಸುಮ್ಮನಾದ. ಸ್ವಲ್ಪ ಹೊತ್ತಿನ ನಂತರ ‘ಆ ಅಂಕಲ್ ಬೈಯುವುದಿಲ್ಲ ಅಲ್ಲವೇ’ ಎಂದ. ಆಮೇಲೆ ನಡುರಾತ್ರಿ ಅವರ ಅಮ್ಮ ಕೇಳದೇ ಬಿಟ್ಟದ್ದನ್ನು ನಾನು ಕೇಳಿದೆ: ರಾತ್ರಿ ಹೊರಗೆ ಹೋಗಿದ್ದೀಯಾ? ಒಂದು ಸಲ, ಗೆಳೆಯನ ಜೊತೆ, ಖಾಲಿ ನಿವೇಶನದ ಕಾಂಪೌಂಡಿನವರೆಗೆ. ಕೈಯಲ್ಲಿ ಮಾರ್ಕರ್ ಇತ್ತಂತೆ, ಬರೆಯಲು ಧೈರ್ಯ ಬರಲಿಲ್ಲವಂತೆ. ನನ್ನ ಎದೆ ಹೊಡೆದುಕೊಂಡದ್ದು ಅವನಿಗೆ ಕೇಳಿಸಿರಬೇಕು. ಬೈಯಲಿಲ್ಲ. ಇನ್ನು ಮುಂದೆ ನನಗೆ ಹೇಳದೆ ಹೋಗಬಾರದು ಎಂದೆ. ಒಪ್ಪಿದ. ಎಷ್ಟು ದಿನ ಉಳಿಸಿಕೊಳ್ಳುತ್ತಾನೋ ನೋಡಬೇಕು.

ಗೆರೆಯಿಲ್ಲದ ಪುಸ್ತಕ ತಂದುಕೊಟ್ಟೆ. ಸಾಲದೆಂದು ಅವನ ಕೋಣೆಯ ಒಂದು ಗೋಡೆಯನ್ನೂ ಬಿಟ್ಟುಕೊಟ್ಟೆ, ಅವನ ಅಪ್ಪನ ವಿರೋಧದ ನಡುವೆ. ಒಂದೇ ಷರತ್ತು: ಬಣ್ಣ ಬದಲಿಸಬೇಕೆನಿಸಿದಾಗ ಬಿಳಿ ಬಳಿಯುವವನೂ ಅವನೇ. ಸೋಪುನೀರು ಅವರೇ, ಅದು ನಿಮ್ಮ ಮಾತಿನಿಂದ ಹೊಳೆದದ್ದು.

ಸೋಪುನೀರು

ಕಿಟಕಿ ತೆರೆದಿಟ್ಟು ಮಾಡಲಿ. ಮುಚ್ಚಿದ ಕೋಣೆಯಲ್ಲಿ ಸಿಂಪಡಿಸುವ ಡಬ್ಬಿ ಬೇಡವೇ ಬೇಡ, ಕುಂಚವೇ ಸಾಕು. ಬಿಳಿ ಬಳಿಯುವ ಮೊದಲು ಒಂದು ಕೈ ಪ್ರೈಮರ್ ಹಾಕಲು ಹೇಳಿ, ಇಲ್ಲದಿದ್ದರೆ ಕಡು ಬಣ್ಣ ಮೇಲೆ ಇಣುಕುತ್ತದೆ. ಬೇಕಿದ್ದರೆ ನನ್ನನ್ನು ಕೇಳಲಿ, ಹೇಳಿಕೊಡುತ್ತೇನೆ.

ಹಳಿಗುಂಟ

ಅಂಕಲ್ ಬೈಯುವುದಿಲ್ಲ ಎಂದು ಹೇಳಿ.

ಅಕ್ಷರಮೋಹಿ

ಗೋಡೆಯ ಮೇಲೆ ಬರೆದನೇ? ಆ ನಾಲ್ಕು ಅಕ್ಷರ ಯಾವುವು?

ಕಿಟಕಿಯಾಚೆ

ನಿನ್ನೆ ಸಂಜೆ ಪೆನ್ಸಿಲಿನಲ್ಲಿ ಹೊರಗೆರೆ ಹಾಕಿದ್ದಾನೆ, ನೆಲದಿಂದ ನನ್ನ ಭುಜದವರೆಗೆ. ‘ಓದು ನೋಡೋಣ’ ಎಂದು ಪಕ್ಕದಲ್ಲಿ ನಿಂತ. ಬಹಳ ಹೊತ್ತು ನೋಡಿ ಎರಡನೆಯದು ‘ಮ’ ಎಂದೆ. ಅದು ‘ಮ’ ಅಲ್ಲವಂತೆ. ಉಳಿದ ಮೂರನ್ನು ಕೇಳಿದರೆ ಹೇಳುತ್ತಿಲ್ಲ.